ಚಪ್ಪರದಿಂದ ವೇದಿಕೆಗೆ: ಮದುವೆ ಮನೆಯ ನಾಯಿ

ಕೃಷ್ಣರಾಜನಗರ, ಹುಣಸೂರು ಕಡೆಯ ಮನೆಗಳಲ್ಲಿ ಎರಡು ತಲೆಮಾರಿನ ಮದುವೆ ಆಲ್ಬಂಗಳಿದ್ದರೆ ಒಟ್ಟಿಗೆ ಇಟ್ಟು ತಿರುವಿ ನೋಡಿ. ಅಪ್ಪ–ಅಮ್ಮನ ಕಾಲದ ಕಪ್ಪು ಬಿಳುಪು ಚಿತ್ರದಲ್ಲಿ ನಾಯಿ ಇದ್ದರೂ ಅದು ಚಪ್ಪರದ ಕಂಬದ ಆಚೆ, ಬಾಲವೋ ಮೂತಿಯೋ ಅರ್ಧ ಕಾಣುವಂತೆ ಇರುತ್ತದೆ. ಚಿತ್ರ ತೆಗೆದವರು ಅದನ್ನು ಬೇಕೆಂದು ತೆಗೆದದ್ದಲ್ಲ. ಈಗಿನ ಆಲ್ಬಂನಲ್ಲಿ ಹಾಗಲ್ಲ. ಪ್ರಿವೆಡ್ಡಿಂಗ್ ಶೂಟ್‌ನಲ್ಲಿ ಹುಡುಗ–ಹುಡುಗಿಯ ನಡುವೆ ನಾಯಿ ಕೂತಿರುತ್ತದೆ. ಅರಿಶಿನ ಶಾಸ್ತ್ರದ ದಿನ ಅದರ ಕೊರಳಿಗೂ ಚೆಂಡುಹೂವಿನ ಹಾರ ಬೀಳುತ್ತದೆ. ಕೆಲವರು ಆರತಕ್ಷತೆಯ ವೇದಿಕೆಗೂ ಕರೆತಂದು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಾರೆ.

ಇದನ್ನು ಕಂಡ ಹಿರಿಯರು ‘ಇದೆಲ್ಲ ಪೇಟೆಯವರ ಶೋಕಿ, ಸಿನಿಮಾ ನೋಡಿ ಕಲಿತದ್ದು’ ಎನ್ನುತ್ತಾರೆ. ಅವರ ಮಾತಿನಲ್ಲಿ ಸ್ವಲ್ಪ ನಿಜವಿದೆ. ಆದರೆ ಈ ಸೀಮೆಯ ಮದುವೆಗೂ ನಾಯಿಗೂ ಇರುವ ನಂಟು ಹಳೆಯದು. ನಡುವೆ ಮೂರು ನಾಲ್ಕು ದಶಕ ಅದು ಕಡಿದುಹೋಗಿತ್ತು. ಈಗ ಬೇರೆ ವೇಷದಲ್ಲಿ ಮರಳಿ ಬಂದಿದೆ.

ಅಂಗಳದಲ್ಲೇ ಮದುವೆ

ಮದುವೆ ಮನೆಯ ಮುಂದೆಯೇ ನಡೆಯುತ್ತಿದ್ದ ಕಾಲವನ್ನು ನೆನೆಯೋಣ. ಅಣ್ಣತಮ್ಮಂದಿರು, ಭಾವಮೈದುನರು ಸೇರಿ ಹಸಿ ಸೊಪ್ಪು ಕಡಿದು ತಂದು ಚಪ್ಪರ ಹಾಕುತ್ತಿದ್ದರು. ಹಾಲುಗಂಬಕ್ಕೆ ಪೂಜೆ, ಬಾಗಿಲಿಗೆ ಬಾಳೆಕಂದು, ಹಸೆಯ ಮುಂದೆ ಸೋಬಾನೆ ಪದ. ಎರಡು ಮೂರು ದಿನ ಹಿತ್ತಿಲಿನ ಒಲೆ ಆರುತ್ತಿರಲಿಲ್ಲ. ಆ ದಿನಗಳಲ್ಲಿ ಮನೆಯ ನಾಯಿ ಎಲ್ಲೂ ಹೋಗುತ್ತಿರಲಿಲ್ಲ. ಹಗಲು ಚಪ್ಪರದ ನೆರಳಿನಲ್ಲಿ ಮಲಗಿ, ರಾತ್ರಿ ಅಕ್ಕಿ, ಬೆಲ್ಲ, ಪಾತ್ರೆಪಡಗ ಇಟ್ಟ ಕಡೆ ಕಾವಲು ಕಾಯುತ್ತಿತ್ತು. ಬೀಗರ ಗಾಡಿ ಊರ ಮುಂದೆ ಬಂದದ್ದು ಮೊದಲು ತಿಳಿಯುತ್ತಿದ್ದದ್ದೂ ಅದಕ್ಕೇ.

ಯಾವ ಶಾಸ್ತ್ರದಲ್ಲೂ ಅದಕ್ಕೆ ಪಾಲಿರಲಿಲ್ಲ. ಅದರ ಪಾಲೆಂದರೆ ಎಂಜಲೆಲೆ, ಇಲ್ಲವೇ ಬೀಗರ ಊಟದ ಮೂಳೆ. ‘ನಾಯಿ’ ಎಂಬುದು ಆಗಲೂ ಬೈಗುಳವೇ. ಆದರೂ ಮದುವೆ ಮನೆಯಿಂದ ಮನೆನಾಯಿಯನ್ನು ಯಾರೂ ಅಟ್ಟುತ್ತಿರಲಿಲ್ಲ. ಅಂಗಳ ಅದರದ್ದೂ ಆಗಿತ್ತು.

ಹೆಣ್ಣನ್ನು ಒಪ್ಪಿಸಿಕೊಡುವ ಹೊತ್ತಿಗೆ ಆ ನಂಟು ಇನ್ನೂ ಚೆನ್ನಾಗಿ ಕಾಣುತ್ತಿತ್ತು. ತವರಿನ ನಾಯಿ ಗಾಡಿಯ ಹಿಂದೆ ಊರ ಎಲ್ಲೆಯವರೆಗೆ ಓಡಿ ನಿಲ್ಲುತ್ತಿತ್ತು. ಗಂಡನ ಮನೆಯಲ್ಲಿ ಇನ್ನೊಂದು ನಾಯಿ ಹೊಸ ಸೊಸೆಯ ಕಾಲು, ಸೆರಗು ಮೂಸಿ ನೋಡುತ್ತಿತ್ತು. ಮೊದಲ ದಿನ ಅವಳು ಹೆದರಿ ಹಿಂದೆ ಸರಿದರೂ, ಕೆಲವೇ ದಿನದಲ್ಲಿ ಮಿಕ್ಕ ಮುದ್ದೆಯನ್ನು ಸಾರಿನಲ್ಲಿ ಅದ್ದಿ ಕಲ್ಲಿನ ಮೇಲೆ ಇಡುವವಳು ಅವಳೇ ಆಗಿರುತ್ತಿದ್ದಳು. ಇನ್ನೂ ಯಾರೊಡನೆಯೂ ಮಾತು ಬೆರೆಯದ ಮನೆಯಲ್ಲಿ, ಏನನ್ನೂ ಕೇಳದೆ ಪಕ್ಕದಲ್ಲಿ ಕೂರುತ್ತಿದ್ದ ಜೀವ ಅದೊಂದೇ. ಹಳ್ಳಿಯ ಹೆಂಗಸರು ತಮ್ಮ ಹೊಸ ಸಂಸಾರದ ಕತೆ ಹೇಳುವಾಗ ಒಂದು ನಾಯಿಯ ಹೆಸರು ಬರುವುದು ಸುಮ್ಮನೆ ಅಲ್ಲ.

ಈ ಸೀಮೆಯಲ್ಲಿ ನಾಯಿ ಬದುಕಿನ ಅಗತ್ಯವೂ ಹೌದು. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬ್ಯಾರನ್‌ಗಳಲ್ಲಿ ಬೆಂಕಿ ಆರದಂತೆ ರಾತ್ರಿಯೆಲ್ಲ ಎದ್ದು ನೋಡುವ ರೈತನ ಜೊತೆಗೆ ಅದಿರುತ್ತದೆ. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಹೊಲದ ಗುಡಿಸಲಿಗೆ ಅದೇ ಕಾವಲು. ಚಿರತೆ ಊರೊಳಗೆ ಬಂದರೆ ಮೊದಲು ಬಲಿಯಾಗುವುದೂ ಅದೇ. ಕುರಿಮಂದೆಯ ಹಿಂದೆ ನಾಯಿ ಇಲ್ಲದ ಕುರುಬರನ್ನು ಕಾಣುವುದು ಕಷ್ಟ.

ಆತಕೂರಿನ ಕಾಳಿ

ನಾಯಿಗೆ ಗೌರವ ಕೊಡುವುದು ಹೊರಗಿನಿಂದ ಬಂದ ರೂಢಿ ಎನ್ನುವವರು ಪಕ್ಕದ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ಒಮ್ಮೆ ನೆನೆಯಬೇಕು. ಕ್ರಿ.ಶ. 949–50ರ ಕಾಲದ್ದು. ರಾಷ್ಟ್ರಕೂಟರ ಮೂರನೆಯ ಕೃಷ್ಣ ಮತ್ತು ಗಂಗರ ಬೂತುಗ ಸೇರಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಯುದ್ಧದಲ್ಲಿ ಮಣಲೆರ ಎಂಬ ವೀರ ಹೆಸರು ಮಾಡಿದ. ಒಡೆಯ ಮೆಚ್ಚಿ, ಏನು ಬೇಕೋ ಕೇಳು ಎಂದಾಗ ಅವನು ಊರನ್ನೂ ಕೇಳಲಿಲ್ಲ, ಹೊನ್ನನ್ನೂ ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ.

ಮುಂದೆ ಬೆಳತೂರಿನ ಗುಡ್ಡದಲ್ಲಿ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಾಳಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟರು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ತಟ್ಟುತ್ತದೆಂದು ಬರೆಸಿದರು. ನಾಯಿಯೂ ಹಂದಿಯೂ ಮುಖಾಮುಖಿಯಾಗಿ ಕಾದುವ ಚಿತ್ರ ಆ ಕಲ್ಲಿನ ಮೇಲಿದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲ ಯುದ್ಧದ ಬಗ್ಗೆ ಚರಿತ್ರೆಕಾರರು ನೆಚ್ಚುವ ಮುಖ್ಯ ಆಧಾರಗಳಲ್ಲೊಂದು ಈ ನಾಯಿಯ ನೆನಪಿನ ಕಲ್ಲು.

ದೇವರ ಪಕ್ಕದಲ್ಲಿ

ಮದುವೆ ಮುಗಿದ ಮೇಲೆ ಹೊಸ ಜೋಡಿ ಮನೆದೇವರಿಗೆ ಹೋಗಿ ಬರುವುದು ಇಲ್ಲಿನ ಪದ್ಧತಿ. ಅನೇಕ ಮನೆಗಳಿಗೆ ಆ ದೇವರು ಕಾಲಭೈರವ. ಆದಿಚುಂಚನಗಿರಿಯ ಕಾಲಭೈರವೇಶ್ವರನಿಗೆ ಒಕ್ಕಲಾದ ಕುಟುಂಬಗಳು ಮೈಸೂರು ಸೀಮೆಯಲ್ಲಿ ಬೇಕಾದಷ್ಟಿವೆ. ಭೈರವನ ವಾಹನ ನಾಯಿ. ಇನ್ನು ಕೆಲವರಿಗೆ ಮೈಲಾರಲಿಂಗ. ಅವನ ಭಕ್ತರಾದ ಗೊರವಯ್ಯಗಳು ಕರಡಿಕೂದಲ ಟೋಪಿ ತೊಟ್ಟು, ಡಮರುಗ ಹಿಡಿದು ಕುಣಿಯುತ್ತಾರೆ. ದೋಣಿ ಸೇವೆಯಲ್ಲಿ ಹಾಲು, ಬಾಳೆಹಣ್ಣು, ಬೆಲ್ಲ, ತುಪ್ಪ ಕಲಸಿ ದೋಣಿ ಎಂಬ ಪಾತ್ರೆಯಲ್ಲಿಟ್ಟರೆ, ಅವರು ಮಂಡಿಯೂರಿ ಬೊಗಳುತ್ತ, ನೇರ ಬಾಯಿ ಹಾಕಿ ಪ್ರಸಾದ ತಿನ್ನುತ್ತಾರೆ. ತಾವು ಮೈಲಾರನ ನಾಯಿಗಳು ಎಂಬುದು ಅವರಿಗೆ ಅವಮಾನವಲ್ಲ, ಹೆಮ್ಮೆ. ನೇಪಾಳದಲ್ಲಿ ದೀಪಾವಳಿಯ ಹೊತ್ತಿಗೆ ಬರುವ ಕುಕುರ್ ತಿಹಾರ್ ಹಬ್ಬದಂದು ನಾಯಿಗಳಿಗೆ ಹಾರ ಹಾಕಿ ಹಣೆಗೆ ತಿಲಕವಿಡುವುದನ್ನು ಮೊಬೈಲಿನಲ್ಲಿ ನೋಡಿ ಬೆರಗಾಗುವ ನಾವು, ನಮ್ಮ ಮನೆದೇವರ ಪಾದದ ಬಳಿ ಇರುವ ನಾಯಿಯನ್ನು ಮರೆತಿರುತ್ತೇವೆ.

ಗುತ್ತಿಯ ಜೊತೆಗೆ ಹುಲಿಯ

ಕನ್ನಡ ಸಾಹಿತ್ಯದಲ್ಲಿ ಮದುವೆಗಾಗಿ ದಾರಿ ನಡೆದ ನಾಯಿಯೊಂದಿದೆ. ಮೈಸೂರಿನಲ್ಲಿ ನೆಲೆಸಿದ್ದ ಕುವೆಂಪು 1967ರಲ್ಲಿ ಪ್ರಕಟಿಸಿದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಹುಲಿಯ ಅದು. ಸದಾ ನಾಯಿಯೊಡನೆ ತಿರುಗುವುದರಿಂದಲೇ ನಾಯಿಗುತ್ತಿ ಎನಿಸಿಕೊಂಡ ಗುತ್ತಿ, ತಾನು ಮೆಚ್ಚಿದ ತಿಮ್ಮಿಯನ್ನು ಹಾರಿಸಿಕೊಂಡು ಬರಲು ಹೊರಟಾಗ ಜೊತೆಗಿದ್ದವನು ಹುಲಿಯನೇ. ಕಾಡು, ಮಳೆ, ಕತ್ತಲು ಯಾವುದಕ್ಕೂ ಅವನು ಗುತ್ತಿಯನ್ನು ಬಿಡುವುದಿಲ್ಲ. ಕಾದಂಬರಿಯ ಕೊನೆಗೆ, ಉಕ್ಕಿ ಹರಿಯುವ ತುಂಗೆಯನ್ನು ದಾಟುವ ಹೊತ್ತಿನಲ್ಲಿ ಹುಲಿಯ ನೀರುಪಾಲಾಗುತ್ತಾನೆ. ಮದುಮಕ್ಕಳು ದಡ ಸೇರುವ ಕತೆಯಲ್ಲಿ ಆ ಸಾವು ಓದುಗರನ್ನು ಬಹಳ ದಿನ ಬಿಡುವುದಿಲ್ಲ. 2010ರಲ್ಲಿ ಮೈಸೂರಿನ ರಂಗಾಯಣ ಸಿ. ಬಸವಲಿಂಗಯ್ಯ ಅವರ ನಿರ್ದೇಶನದಲ್ಲಿ ಇದನ್ನು ಇಡೀ ರಾತ್ರಿಯ ನಾಟಕವಾಗಿಸಿತು. ಪುಸ್ತಕ ಓದದವರಿಗೂ ಗುತ್ತಿ, ತಿಮ್ಮಿ, ಹುಲಿಯ ಪರಿಚಯವಾದರು.

ಛತ್ರ ಬಂತು, ನಾಯಿ ಹೊರಗುಳಿಯಿತು

ಹಾಗಾದರೆ ನಂಟು ಕಡಿದದ್ದು ಎಲ್ಲಿ? ಮದುವೆ ಅಂಗಳ ಬಿಟ್ಟು ಕಲ್ಯಾಣ ಮಂಟಪಕ್ಕೆ ಹೋದಾಗ. ಜನ ಹೆಚ್ಚಿದರು, ಕೆಲಸಕ್ಕೆ ಕೈಗಳು ಕಡಿಮೆಯಾದವು, ತಾಲ್ಲೂಕು ಕೇಂದ್ರಗಳಲ್ಲಿ ಛತ್ರಗಳು ಎದ್ದವು. ಹಿಂದಿನ ದಿನ ಸಂಜೆ ಆರತಕ್ಷತೆ, ಮರುದಿನ ಬೆಳಗ್ಗೆ ಮುಹೂರ್ತ, ಮಧ್ಯಾಹ್ನದ ಊಟದೊಂದಿಗೆ ಎಲ್ಲ ಮುಗಿಯಿತು. ಇದರಿಂದ ಅನುಕೂಲವಾದದ್ದು ನಿಜ. ಆದರೆ ಛತ್ರದ ಬಾಗಿಲಲ್ಲಿ ನಾಯಿಗೆ ಪ್ರವೇಶವಿಲ್ಲ. ಮನೆಗೆ ಬೀಗ ಹಾಕಿ ಎಲ್ಲರೂ ಹೊರಟ ಮೇಲೆ ನಾಯಿ ಅಲ್ಲೇ ಉಳಿಯಿತು, ಎಷ್ಟೋ ಸಲ ಸರಪಳಿಯಲ್ಲಿ. ಅನ್ನ ಹಾಕಬೇಕಾದವರೆಲ್ಲ ಮದುವೆಯಲ್ಲಿದ್ದರು. ಮನೆಯ ಅತಿ ದೊಡ್ಡ ಸಂಭ್ರಮದ ದಿನವೇ ಅದಕ್ಕೆ ಉಪವಾಸದ ದಿನವಾಯಿತು.

ಅದೇ ಕಾಲಕ್ಕೆ ಮನೆಯೊಳಗೆ ಇನ್ನೊಂದು ಬದಲಾವಣೆ ನಡೆಯುತ್ತಿತ್ತು. ಒಂದೋ ಎರಡೋ ಮಕ್ಕಳ ಸಣ್ಣ ಕುಟುಂಬಗಳಲ್ಲಿ ನಾಯಿ ಜಗುಲಿ ದಾಟಿ ನಡುಮನೆಗೆ, ನಡುಮನೆಯಿಂದ ಸೋಫಾಗೆ ಬಂತು. ಭೈರ, ಕರಿಯ ಎಂಬ ಹೆಸರುಗಳ ಜಾಗಕ್ಕೆ ರಾಕಿ, ಪಿಂಕಿ ಬಂದವು. ಅದರೊಡನೆ ಬೆಳೆದ ಹುಡುಗ, ಹುಡುಗಿ ಈಗ ಮದುವೆಯ ವಯಸ್ಸಿನವರು. ಅವರಿಗೆ ಅದು ಕಾವಲಿನ ಪ್ರಾಣಿಯಲ್ಲ, ಮನೆಯ ತಮ್ಮ ಅಥವಾ ತಂಗಿ. ತಮ್ಮನಿಲ್ಲದೆ ಮದುವೆ ಹೇಗೆ ಎಂಬುದು ಅವರ ಪ್ರಶ್ನೆ.

2020ರ ಲಾಕ್‌ಡೌನ್ ಈ ಪ್ರಶ್ನೆಗೆ ದಾರಿ ಮಾಡಿಕೊಟ್ಟಿತು. ಮದುವೆಗೆ 50 ಜನ ಮಾತ್ರ ಎಂಬ ನಿಯಮ ಬಂದಾಗ ಎಷ್ಟೋ ಮದುವೆಗಳು ಮತ್ತೆ ಮನೆಯಂಗಳಕ್ಕೆ, ತೋಟದ ಮನೆಗೆ ಮರಳಿದವು. ಅಲ್ಲಿ ನಾಯಿಯನ್ನು ಹೊರಗಿಡುವ ಬಾಗಿಲೇ ಇರಲಿಲ್ಲ. ಅದಕ್ಕೂ ಮುಂಚೆ, 2018ರ ಮೇ ತಿಂಗಳಲ್ಲಿ, ಬ್ರಿಟನ್ ರಾಜಮನೆತನಕ್ಕೆ ಸೊಸೆಯಾಗಿ ಹೋಗಲಿದ್ದ ಮೇಗನ್ ಮಾರ್ಕೆಲ್ ಸಾಕಿದ ಗೈ ಎಂಬ ಬೀಗಲ್ ನಾಯಿ ಅವರ ಮದುವೆಗೆಂದು ರಾಣಿ ಎಲಿಜಬೆತ್ ಅವರ ಕಾರಿನಲ್ಲಿ ಕೂತು ವಿಂಡ್ಸರ್‌ಗೆ ಹೊರಟ ಚಿತ್ರ ಜಗತ್ತನ್ನೆಲ್ಲ ಸುತ್ತಿತ್ತು. ನಮ್ಮಲ್ಲಿ ಮನಸ್ಸುಗಳನ್ನು ತಟ್ಟಿದ್ದು 2022ರ ಜೂನ್ 10ರಂದು ಬಿಡುಗಡೆಯಾದ, ನಾಯಿಯೊಂದರ ಕತೆ ಹೇಳುವ ಸಿನಿಮಾ ‘777 ಚಾರ್ಲಿ’. ಕಾಸರಗೋಡಿನ ಕಿರಣ್‌ರಾಜ್ ಕೆ. ನಿರ್ದೇಶಿಸಿ, ರಕ್ಷಿತ್ ಶೆಟ್ಟಿ ನಟಿಸಿದ ಈ ಚಿತ್ರದ ಒಂಟಿ ನಾಯಕ ಧರ್ಮ ಇರುವುದು ಮೈಸೂರಿನಲ್ಲೇ. ಸಾಕಿದ ನಾಯಿಯನ್ನು ಹಿಂದಿನ ವರ್ಷ ಕಳೆದುಕೊಂಡಿದ್ದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅದನ್ನು ನೋಡಿ ಎಲ್ಲರೆದುರು ಕಣ್ಣೀರಿಟ್ಟರು. ನಾಯಿಗಾಗಿ ಅಳುವುದು ನಾಚಿಕೆಯಲ್ಲ ಎಂಬುದು ಹಳ್ಳಿ ಪೇಟೆ ಎನ್ನದೆ ಎಲ್ಲರಿಗೂ ತಿಳಿಯಿತು. ಆಮೇಲೆ ಮದುವೆಯ ಚಿತ್ರದಲ್ಲಿ ನಾಯಿ ಬೇಕೆಂದು ಕೇಳುವುದಕ್ಕೂ ಸಂಕೋಚ ಉಳಿಯಲಿಲ್ಲ.

ನಾಯಿಯ ಕಡೆಯಿಂದ ನೋಡಿದರೆ

ಈ ಪ್ರೀತಿ ಒಳ್ಳೆಯದೇ. ಆದರೆ ಪ್ರೀತಿ ಎಂದರೆ ನಮಗೆ ಬೇಕಾದ ಚಿತ್ರ ಮಾತ್ರವಲ್ಲ, ಅದಕ್ಕೆ ಆಗುವ ಹಿತವೂ ಹೌದು.

ಮನುಷ್ಯರ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸಿದರೆ ನಾಯಿಗೆ 40,000 ಹರ್ಟ್ಸ್‌ಗೂ ಮೇಲಿನದು ಕೇಳಿಸುತ್ತದೆ. ತಾಳಿ ಕಟ್ಟುವ ಗಳಿಗೆಯಲ್ಲಿ ವಾಲಗದವರು ಗಟ್ಟಿಮೇಳ ಬಾರಿಸುವುದೇ ಬೇರೆ ಯಾವ ಸದ್ದೂ ಕೇಳದಿರಲೆಂದು. ಆ ಹೊತ್ತಿನಲ್ಲಿ ವೇದಿಕೆಯ ಮೇಲೆ ಕಟ್ಟಿಹಾಕಿದ ನಾಯಿಗೆ ಅದು ಶಿಕ್ಷೆ. ಪಟಾಕಿ ಸದ್ದಿಗೆ ಹಗ್ಗ ಕಿತ್ತುಕೊಂಡು ಓಡಿದ ನಾಯಿ ಪರ ಊರಿನಲ್ಲಿ ಮನೆಯ ದಾರಿ ಕಾಣದೆ ತಪ್ಪಿಹೋಗಬಹುದು.

ಬಿಸಿಲೂ ಹಾಗೆಯೇ. ನಮ್ಮ ಮದುವೆಗಳಲ್ಲಿ ಬಹಳಷ್ಟು ಆಷಾಢಕ್ಕೆ ಮೊದಲೇ, ಬೇಸಿಗೆಯಲ್ಲಿ ನಡೆಯುತ್ತವೆ. ನಾಯಿ ಬೆವರುವುದು ಅಂಗಾಲಿನಲ್ಲಿ ಮಾತ್ರ. ಉಳಿದ ಕಾವನ್ನು ನಾಲಿಗೆ ಚಾಚಿ ಏದುಸಿರಿನಿಂದ ಕಳೆಯಬೇಕು. ಅದಕ್ಕೆ ಜರಿಯ ಅಂಗಿ ತೊಡಿಸಿ, ಲೈಟುಗಳ ಕೆಳಗೆ ಗಂಟೆಗಟ್ಟಲೆ ಕೂರಿಸುವುದು ಅಪಾಯ.

ಊಟದ ವಿಷಯ ಇನ್ನೂ ಗಂಭೀರ. ಪಾಯಸದ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಪಲ್ಯ, ಸಾರಿನ ಈರುಳ್ಳಿ ಅದರ ರಕ್ತಕಣಗಳಿಗೆ ವಿಷ. ಚಾಕೊಲೇಟ್ ಕೂಡದು. ಬೀಗರ ಊಟದ ಬೆಂದ ಮೂಳೆ ಚೂಪಾಗಿ ಸೀಳಿ ಗಂಟಲಿಗೋ ಕರುಳಿಗೋ ಚುಚ್ಚಬಹುದು. ‘ಹಿಂದೆಲ್ಲ ತಿನ್ನುತ್ತಿರಲಿಲ್ಲವೇ’ ಎನ್ನಬೇಡಿ. ಹಿಂದೆ ಸತ್ತ ನಾಯಿಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ನಾಯಿ ತನ್ನ ಕಷ್ಟವನ್ನು ಹೇಳಿಕೊಳ್ಳುವುದುಂಟು. ಮತ್ತೆ ಮತ್ತೆ ಆಕಳಿಸುವುದು, ತುಟಿ ನೆಕ್ಕುವುದು, ಕಿವಿ ಹಿಂದಕ್ಕೆ ಮಡಿಸಿ ಬಾಲ ಕಾಲ ನಡುವೆ ಅಡಗಿಸುವುದು, ಇವೆಲ್ಲ ‘ನನ್ನನ್ನು ಇಲ್ಲಿಂದ ಕರೆದುಕೊಂಡು ಹೋಗಿ’ ಎಂಬ ಬೇಡಿಕೆ. ಆಗಲೂ ಮಕ್ಕಳು ಸುತ್ತುವರಿದು ಮುಟ್ಟಿದರೆ ಎಂಥ ಸಾಧು ನಾಯಿಯೂ ಕಚ್ಚಬಹುದು. ತಪ್ಪು ಅದರದಲ್ಲ, ತಂದು ನಿಲ್ಲಿಸಿದವರದು.

ಚಪ್ಪರದ ದಿನ ಸಾಕು

ನನ್ನ ಅಭಿಪ್ರಾಯ ಇಷ್ಟೇ. ನಾಯಿಯ ಜಾಗ ಛತ್ರದ ವೇದಿಕೆಯಲ್ಲ, ಮನೆಯ ಚಪ್ಪರ. ಈಗಲೂ ಚಪ್ಪರದ ಶಾಸ್ತ್ರ, ಅರಿಶಿನ, ಬಳೆ ತೊಡಿಸುವುದು ಬಹುತೇಕ ಮನೆಯಲ್ಲೇ ನಡೆಯುತ್ತವೆ. ಅಲ್ಲಿ ಎಲ್ಲವೂ ಅದಕ್ಕೆ ಗೊತ್ತಿರುವ ವಾಸನೆ, ಗೊತ್ತಿರುವ ದನಿ. ಹಾರ ಹಾಕಿ, ಚಿತ್ರ ತೆಗೆಸಿಕೊಳ್ಳಿ, ಮುದ್ದಾಡಿ. ಮುಹೂರ್ತದ ದಿನ ಅದನ್ನು ಮನೆಯಲ್ಲೇ ಬಿಡಿ, ಆದರೆ ಒಂಟಿಯಾಗಿ ಬಿಡಬೇಡಿ.

ಮನೆಯಲ್ಲಿ ಮದುವೆ ಗೊತ್ತಾಗಿದ್ದರೆ ಲಗ್ನಪತ್ರಿಕೆ ಹಂಚಲು ಹೊರಡುವ ಮೊದಲೇ ಒಂದು ತೀರ್ಮಾನ ಮಾಡಿಕೊಳ್ಳಿ: ಆ ಎರಡು ದಿನ ನಾಯಿಗೆ ಅನ್ನ, ನೀರು ಕೊಟ್ಟು ಜೊತೆಗಿರುವವರು ಯಾರು? ರೇಬಿಸ್ ಲಸಿಕೆಯ ವಾಯಿದೆ ಮುಗಿದಿದ್ದರೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ಈಗಲೇ ಹಾಕಿಸಿ. ಕೊರಳಪಟ್ಟಿಯಲ್ಲಿ ನಿಮ್ಮ ಫೋನ್ ನಂಬರ್ ಇರಲಿ. ಹೊಸ ಮನೆಗೆ ಹೋಗುವ ಹುಡುಗಿ ತನ್ನ ನಾಯಿಯನ್ನು ಜೊತೆಗೆ ಕರೆದೊಯ್ಯುವುದಾದರೆ ಆ ಮಾತು ನಿಶ್ಚಿತಾರ್ಥದಲ್ಲೇ ಎರಡೂ ಮನೆಯವರ ನಡುವೆ ಬಾಯಿಬಿಟ್ಟು ಆಗಲಿ. ಬೀಗರ ಊಟದ ದಿನ ಮೂಳೆಯ ಬದಲು ಉಪ್ಪು, ಖಾರ, ಈರುಳ್ಳಿ ಇಲ್ಲದೆ ಬೇಯಿಸಿದ ಮಾಂಸವನ್ನು ಅನ್ನದೊಡನೆ ಕಲಸಿ ಮೊದಲೇ ಎತ್ತಿಡಿ. ಅಷ್ಟಾದರೆ ಮದುವೆಯಲ್ಲಿ ಅದಕ್ಕೆ ಸಲ್ಲಬೇಕಾದ ಪಾಲು ಸಂದಂತೆ.