ಕಣ್ಣಿನೊಳಗಿನ ತೊಲೆ

ಪರರ ದೋಷವನ್ನು ಕಾಣಲು ಮನುಷ್ಯನಿಗೆ ದೀಪ ಬೇಕಾಗಿಲ್ಲ. ತನ್ನ ದೋಷವನ್ನು ಕಾಣಲು ಮಾತ್ರ ನಡುಹಗಲಿನ ಸೂರ್ಯನ ಬೆಳಕೂ ಸಾಲದು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ಮೇಲಿನ ನೊಣವನ್ನು ಬೆರಳುಮಾಡಿ ತೋರಿಸುವವನನ್ನು ನಮ್ಮ ಹಿರಿಯರು ಗಾದೆಯಲ್ಲಿ ಕಟ್ಟಿ ನಕ್ಕಿದ್ದಾರೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಯೇಸುಕ್ರಿಸ್ತನು ತನ್ನ ಶಿಷ್ಯರಿಗೆ ಹೇಳಿದ ದೃಷ್ಟಾಂತವೂ ಇದೇ ಜಾತಿಗೆ ಸೇರಿದ್ದು. ಮತ್ತಾಯನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಬರುವ ಆ ದೃಷ್ಟಾಂತದಲ್ಲಿ ಒಬ್ಬನು ತನ್ನ ಸೋದರನ ಕಣ್ಣಿಗೆ ಬಿದ್ದ ರವೆಯನ್ನು ತೆಗೆಯಲು ಹೊರಡುತ್ತಾನೆ. ಅವನ ಕಣ್ಣಿನಲ್ಲಿಯೇ ಮನೆಯ ಮಾಡಿಗೆ ಹಾಕುವಂಥ ತೊಲೆಯೊಂದು ಕುಳಿತಿರುತ್ತದೆ. ಬಡಗಿಯ ಮನೆಯಲ್ಲಿ ಬೆಳೆದವನ ಬಾಯಿಂದ ಬರಬಹುದಾದ ಉಪಮೆಯೇ ಸರಿ. ಮರದ ಪುಡಿ ಯಾವುದು, ತೊಲೆ ಯಾವುದು ಎಂಬುದನ್ನು ಆತನು ಚೆನ್ನಾಗಿ ಬಲ್ಲವನಾಗಿದ್ದನು.

ಈ ದೃಷ್ಟಾಂತವನ್ನು ಕೇಳದ ಕ್ರೈಸ್ತನಿಲ್ಲ. ಆದರೆ ಇದರ ಮೊದಲರ್ಧವನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡು, ಉಳಿದರ್ಧವನ್ನು ಮರೆತವರೇ ಹೆಚ್ಚು. ಪರರ ಕಣ್ಣಿನ ರವೆಯನ್ನು ಮುಟ್ಟಲೇಬೇಡ ಎಂದು ಕ್ರಿಸ್ತನು ಹೇಳಲಿಲ್ಲ. ಮೊದಲು ನಿನ್ನ ತೊಲೆಯನ್ನು ತೆಗೆ, ಆಮೇಲೆ ಸೋದರನ ರವೆಯನ್ನು ತೆಗೆಯುವಷ್ಟು ನಿನ್ನ ದೃಷ್ಟಿ ತಿಳಿಯಾಗುವುದು ಎಂಬುದು ಆ ಬೋಧೆಯ ಸಾರ. ಆತ್ಮಶೋಧನೆಯೆಂಬುದು ಇಲ್ಲಿ ಮೌನಕ್ಕೆ ನೆಪವಲ್ಲ, ಚಿಕಿತ್ಸೆಗೆ ಸಿದ್ಧತೆ.

ಮೊದಲರ್ಧದ ಹಿರಿಮೆಯನ್ನು ತಿಳಿಯಬೇಕಾದರೆ ನಾಲ್ಕನೆಯ ಶತಮಾನದ ಈಜಿಪ್ಟಿಗೆ ಹೋಗಬೇಕು. ಅಲ್ಲಿಯ ಸ್ಕೀಟಿಸ್ ಮರುಭೂಮಿಯಲ್ಲಿ ಅನೇಕ ಕ್ರೈಸ್ತ ತಪಸ್ವಿಗಳು ನೆಲೆಸಿದ್ದರು. ಅವರಲ್ಲಿ ಮೋಶೆಯೆಂಬ ಹಿರಿಯನೊಬ್ಬನು ಪೂರ್ವಾಶ್ರಮದಲ್ಲಿ ದರೋಡೆಕೋರನಾಗಿದ್ದವನು. ಒಮ್ಮೆ ಕಿರಿಯ ಸಂನ್ಯಾಸಿಯೊಬ್ಬನು ತಪ್ಪು ಮಾಡಿದನೆಂದು ವಿಚಾರಣೆಗೆ ಸಭೆ ಕೂಡಿತು. ಮೋಶೆಯು ಬರಲೊಪ್ಪಲಿಲ್ಲ. ಬಲವಂತದ ಕರೆ ಬಂದಾಗ ತೂತುಬಿದ್ದ ಕೊಡವೊಂದಕ್ಕೆ ನೀರು ತುಂಬಿ ಹೊತ್ತುಕೊಂಡು ಹೊರಟನು. ಹಿಂದಿನಿಂದ ನೀರು ಸೋರಿ ಮರಳಿನಲ್ಲಿ ಇಂಗುತ್ತಿತ್ತು. ಇದೇನೆಂದು ಕೇಳಿದವರಿಗೆ ಆತನು ಕೊಟ್ಟ ಉತ್ತರದ ತಾತ್ಪರ್ಯವಿಷ್ಟು: ತನ್ನ ಪಾಪಗಳು ಹೀಗೆಯೇ ಬೆನ್ನ ಹಿಂದೆ ಸೋರುತ್ತಿವೆ, ತನಗೆ ಕಾಣಿಸುತ್ತಿಲ್ಲ, ಹೀಗಿರುವಾಗ ತಾನು ಇನ್ನೊಬ್ಬನ ತಪ್ಪಿಗೆ ತೀರ್ಪು ಕೊಡಲು ಬಂದಿದ್ದೇನೆ. ಸಭೆ ಆ ಕಿರಿಯನನ್ನು ಕ್ಷಮಿಸಿತೆಂದು ಮರುಭೂಮಿಯ ಹಿರಿಯರ ಕಥಾಸಂಗ್ರಹಗಳು ಹೇಳುತ್ತವೆ.

ಕಥೆ ಸುಂದರವಾಗಿದೆ. ಆದರೆ ಇಲ್ಲಿ ಒಂದು ಪ್ರಶ್ನೆ ಏಳದಿರದು. ನಮ್ಮೆಲ್ಲರ ಕೊಡಗಳೂ ಸೋರುತ್ತಿವೆಯೆಂದು ಎಲ್ಲರೂ ಬಾಯಿ ಮುಚ್ಚಿಕೊಂಡರೆ, ಬಲಿಷ್ಠನ ಕೈಯಲ್ಲಿ ನರಳುವ ದುರ್ಬಲನ ಗತಿಯೇನು? ಅನ್ಯಾಯವನ್ನು ಅನ್ಯಾಯವೆಂದು ಕರೆಯುವವರು ಯಾರು? ಈ ಪ್ರಶ್ನೆಗೆ ಇಂಗ್ಲೆಂಡಿನ ಜಾನ್ ನ್ಯೂಟನ್ ಎಂಬ ಪಾದ್ರಿಯ ಬಾಳು ಒಂದು ಉತ್ತರವನ್ನು ಕೊಡುತ್ತದೆ.

1725ರಲ್ಲಿ ಹುಟ್ಟಿದ ನ್ಯೂಟನ್ ನಾವಿಕನಾಗಿ ಬೆಳೆದವನು. 1748ರಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಸಿಕ್ಕಿ ಹಡಗು ಮುಳುಗುವಂತಾದಾಗ ಅವನಲ್ಲಿ ದೈವಭಕ್ತಿ ಚಿಗುರಿತು. ಇಲ್ಲಿಂದ ಮುಂದೆ ಅವನು ಪುಣ್ಯಪುರುಷನಾದನೆಂದು ಕಥೆಯನ್ನು ಮುಗಿಸುವುದು ವಾಡಿಕೆ. ಆದರೆ ನಿಜಸಂಗತಿ ಅಷ್ಟು ಸರಳವಲ್ಲ. ಹೀಗೆ ಭಕ್ತನಾದ ಮೇಲೆಯೇ, 1750ರಿಂದ 1754ರವರೆಗೆ, ಅವನು ಮೂರು ಬಾರಿ ಗುಲಾಮರ ಹಡಗಿನ ನಾಯಕನಾಗಿ ಆಫ್ರಿಕಾಕ್ಕೆ ಹೋಗಿಬಂದನು. ಭಾನುವಾರ ಹಡಗಿನ ಮೇಲ್ಗಡೆ ನಾವಿಕರನ್ನು ಸೇರಿಸಿ ಪ್ರಾರ್ಥನೆ ಮಾಡಿಸುತ್ತಿದ್ದನು. ಅದೇ ಹಲಗೆಗಳ ಕೆಳಗೆ ಆಫ್ರಿಕದ ಮನುಷ್ಯರು ಸಂಕೋಲೆಗಳಲ್ಲಿ ಮಲಗಿದ್ದರು. 1752ರಲ್ಲಿ ದಂಗೆಯ ಸಂಚು ನಡೆದಿದೆಯೆಂಬ ಸಂಶಯ ಬಂದಾಗ, ಸೆರೆಯಲ್ಲಿದ್ದ ಹುಡುಗರ ಹೆಬ್ಬೆರಳುಗಳಿಗೆ ತಿರುಪಿನ ಇಕ್ಕಳ ಹಾಕಿಸಿ ಬಾಯಿಬಿಡಿಸಿದ ಸಂಗತಿಯು ಅವನ ಹಡಗಿನ ದಿನಚರಿಯಲ್ಲಿಯೇ ಇದೆ.

ಇವನು ಆತ್ಮಶೋಧನೆ ಮಾಡಿಕೊಳ್ಳದವನೇ? ಖಂಡಿತ ಅಲ್ಲ. ಹಡಗಿನ ಲೆಕ್ಕದ ಪುಸ್ತಕವಲ್ಲದೆ ತನ್ನ ಆತ್ಮದ ಲೆಕ್ಕಕ್ಕಾಗಿಯೇ ಬೇರೊಂದು ದಿನಚರಿಯನ್ನು ಇಟ್ಟವನು ಅವನು. ತನ್ನ ಭಕ್ತಿಯ ಕೊರತೆಗಾಗಿ, ವ್ಯರ್ಥವಾಗಿ ಕಳೆದ ಕಾಲಕ್ಕಾಗಿ ಮನಸಾರೆ ಪಶ್ಚಾತ್ತಾಪಪಟ್ಟವನು. ಆದರೂ ಮನುಷ್ಯರನ್ನು ಕೊಂಡು ಮಾರುವ ಕಸುಬು ಅವನ ಪಾಪಗಳ ಪಟ್ಟಿಗೆ ಸೇರಲಿಲ್ಲ. 1754ರಲ್ಲಿ ಅವನನ್ನು ದಡಕ್ಕೆ ತಂದದ್ದು ಅಂತಃಕರಣದ ಕೂಗಲ್ಲ. ಇದ್ದಕ್ಕಿದ್ದಂತೆ ಬಂದ ಮೂರ್ಛೆಯ ಬೇನೆ. ಹತ್ತು ವರ್ಷಗಳ ತರುವಾಯ, 1764ರಲ್ಲಿ, ಅವನು ಪಾದ್ರಿಯ ದೀಕ್ಷೆ ಪಡೆದನು. ಅದೇ ವರ್ಷ ತನ್ನ ಜೀವನಕಥೆಯನ್ನೂ ಪ್ರಕಟಿಸಿದನು. ಅದರಲ್ಲಿ ಗುಲಾಮರ ವ್ಯಾಪಾರವು ಮನಸ್ಸಿಗೆ ಹಿಡಿಸದ ಉದ್ಯೋಗವಾಗಿ ಕಾಣಿಸುತ್ತದೆಯೇ ಹೊರತು ಪಾಪವಾಗಿ ಕಾಣಿಸುವುದಿಲ್ಲ. ಲೋಕಪ್ರಸಿದ್ಧವಾದ ‘ಅಮೇಜಿಂಗ್ ಗ್ರೇಸ್’ ಕೀರ್ತನೆಯನ್ನು ಅವನು ಓಲ್ನಿ ಎಂಬ ಊರಿನ ತನ್ನ ಸಭೆಗಾಗಿ 1773ರ ಹೊಸವರ್ಷದ ದಿನಕ್ಕೆ ರಚಿಸಿದಾಗಲೂ ಈ ವಿಷಯದಲ್ಲಿ ಅವನ ಬಾಯಿ ಬಹಿರಂಗವಾಗಿ ತೆರೆದಿರಲಿಲ್ಲ. ರವೆಗಳನ್ನೆಲ್ಲ ಎಣಿಸುತ್ತಿದ್ದ ಕಣ್ಣಿನಲ್ಲಿ ತೊಲೆ ಹಾಗೆಯೇ ನಿಂತಿತ್ತು.

ಆ ವೇಳೆಗೆ ಹೊರಗಿನ ಲೋಕ ಎಚ್ಚೆತ್ತುಕೊಳ್ಳುತ್ತಿತ್ತು. 1783ರಲ್ಲಿ ಕ್ವೇಕರ್ ಪಂಥದವರು ಗುಲಾಮರ ವ್ಯಾಪಾರದ ವಿರುದ್ಧ ಬ್ರಿಟಿಷ್ ಪಾರ್ಲಿಮೆಂಟಿಗೆ ಮನವಿ ಸಲ್ಲಿಸಿದರು. 1787ರಲ್ಲಿ ಅದನ್ನು ನಿಲ್ಲಿಸುವುದಕ್ಕಾಗಿಯೇ ಲಂಡನ್ನಿನಲ್ಲಿ ಒಂದು ಸಮಿತಿ ಸ್ಥಾಪನೆಯಾಯಿತು. 1788ರಲ್ಲಿ, ಹಡಗನ್ನು ಬಿಟ್ಟು 34 ವರ್ಷಗಳಾದ ಮೇಲೆ, ನ್ಯೂಟನ್ ಆ ವ್ಯಾಪಾರವನ್ನು ಕುರಿತು ಒಂದು ಪುಸ್ತಿಕೆಯನ್ನು ಪ್ರಕಟಿಸಿದನು. ಅದರಲ್ಲಿ ಅವನು ಮೊದಲು ಮಾಡಿದ್ದು ಪರರ ಮೇಲಿನ ಆಪಾದನೆಯಲ್ಲ. ಇಂದು ನೆನೆದರೆ ಎದೆ ನಡುಗುವಂಥ ವ್ಯವಹಾರದಲ್ಲಿ ತಾನೂ ಕೈಯಿಟ್ಟಿದ್ದೆ, ಈ ಒಪ್ಪಿಗೆ ತೀರ ತಡವಾಗಿ ಬರುತ್ತಿದೆ ಎಂಬ ನಿವೇದನೆ. ಅನಂತರವೇ ಹಡಗಿನ ಒಳಗಿನ ಸ್ಥಿತಿಯನ್ನು ಕಣ್ಣಾರೆ ಕಂಡಂತೆ ಬಿಡಿಸಿಟ್ಟನು. 1790ರಲ್ಲಿ ಕಾಮನ್ಸ್ ಸಭೆಯ ಸಮಿತಿಯ ಮುಂದೆ ಸಾಕ್ಷಿಯನ್ನೂ ನುಡಿದನು. ಇಂಥ ಸಾಕ್ಷಿಯನ್ನು ಯಾರು ಅಲ್ಲಗಳೆಯಬಲ್ಲರು? 1807ರ ಮಾರ್ಚ್‌ನಲ್ಲಿ ಬ್ರಿಟಿಷ್ ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಕಾಯಿದೆ ಆಯಿತು. ಅದೇ ಡಿಸೆಂಬರಿನಲ್ಲಿ, 82ನೆಯ ವಯಸ್ಸಿನಲ್ಲಿ, ನ್ಯೂಟನ್ ಕಣ್ಮುಚ್ಚಿದನು.

ಈ ಬಾಳಿನಿಂದ ಎರಡು ಮಾತುಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ತನ್ನ ತಪ್ಪನ್ನು ಒಪ್ಪಿಕೊಂಡವನ ಖಂಡನೆಗೆ ಬಲ ಕುಂದುವುದಿಲ್ಲ, ಹೆಚ್ಚುತ್ತದೆ. ಅದರಲ್ಲಿ ಮೇಲೆ ನಿಂತು ನೋಡುವ ಗರ್ವವಿರುವುದಿಲ್ಲ; ಪಕ್ಕದಲ್ಲಿ ನಿಂತು ಎಚ್ಚರಿಸುವ ಕಳಕಳಿಯಿರುತ್ತದೆ. ಎರಡನೆಯದು ಇನ್ನೂ ಗಹನವಾದುದು. ನಮಗೆ ನಾಚಿಕೆ ತರುವ ದೋಷಗಳೆಲ್ಲ ಬಹುಮಟ್ಟಿಗೆ ರವೆಗಳೇ. ತೊಲೆಯಾದರೋ ಸುತ್ತಲಿನವರೆಲ್ಲರೂ ಸರಿಯೆನ್ನುವ, ನಮ್ಮ ಅನ್ನಕ್ಕೂ ಸೌಕರ್ಯಕ್ಕೂ ಅಂಟಿಕೊಂಡಿರುವ ದೋಷ. ಅದು ಕಣ್ಣಿಗೆ ಚುಚ್ಚುವುದಿಲ್ಲ. ಆದಕಾರಣವೇ ಅದು ಕಾಣುವುದಿಲ್ಲ. ಕದವಿಕ್ಕಿಕೊಂಡು ಒಬ್ಬನೇ ಕುಳಿತು ಮಾಡುವ ಆತ್ಮಶೋಧನೆಗೆ ಅದು ಸಿಕ್ಕುವುದೂ ಕಷ್ಟ. ನಮ್ಮಿಂದ ನೊಂದವರು ಆಡುವ ಮಾತಿಗೆ ಕಿವಿಗೊಟ್ಟಾಗ ಮಾತ್ರ ಅದರ ಸುಳಿವು ಹತ್ತುತ್ತದೆ.

ನಮ್ಮ ಸಂಸಾರಗಳಲ್ಲಿ ಗುಲಾಮರ ಹಡಗುಗಳಿಲ್ಲ, ನಿಜ. ಆದರೆ ನೆರೆಮನೆಯವನ ಲಂಚದ ಕಥೆಯನ್ನು ಊಟದ ಹೊತ್ತಿನಲ್ಲಿ ಸವಿಯುವ ನಾವು, ಪಾತ್ರೆ ತೊಳೆಯುವ ಹೆಂಗಸಿಗೆ ಕೊಡುವ ಸಂಬಳವೆಷ್ಟೆಂದು ಅದೇ ಎಲೆಯ ಮುಂದೆ ಯೋಚಿಸಿದ್ದೇವೆಯೇ? ಮಗನ ಸುಳ್ಳಿಗೆ ಗದರುವ ತಂದೆಯ ಸಿಟ್ಟಿಗೆ ಹೆದರಿಯೇ ಆ ಸುಳ್ಳು ಹುಟ್ಟಿದ್ದರೆ, ಅದನ್ನು ಅವನಿಗೆ ಹೇಳುವವರು ಯಾರು? ಮಗನೇ ಹೇಳಬೇಕು, ತಂದೆ ಕೇಳಬೇಕು. ಅಷ್ಟನ್ನು ಕೇಳಿಸಿಕೊಂಡ ತಂದೆ ಮತ್ತೆ ಮಗನ ಕಣ್ಣಿನ ರವೆಯನ್ನು ತೆಗೆಯಲು ಕೈ ನೀಡಿದರೆ, ಆ ಕೈ ಹಗುರವಾಗಿರುತ್ತದೆ. ಕಣ್ಣೆಂಬುದು ಮೃದುವಾದ ಅಂಗ. ಹಗುರವಾದ ಕೈಗಲ್ಲದೆ ಬೇರೆ ಕೈಗೆ ಅದನ್ನು ಒಪ್ಪಿಸಲು ಯಾರೂ ಇಷ್ಟಪಡುವುದಿಲ್ಲ.