ವಿಮಾನದ ಅಣಕು ಅವಶೇಷ: ಕಲ್ಪನೆ ಏನು, ಸತ್ಯ ಏನು?

2009ರ ಮಾರ್ಚ್ 6ರಂದು ಬಿಡದಿ ಸಮೀಪದ ಶೇಷಗಿರಿಹಳ್ಳಿ ಬಳಿ ‘ಸಾರಸ್’ ವಿಮಾನ ಪರೀಕ್ಷಾ ಹಾರಾಟದ ವೇಳೆ ಬಿದ್ದು, ವಾಯುಪಡೆಯ ಮೂವರು ಅಧಿಕಾರಿಗಳು ಪ್ರಾಣ ಕಳೆದುಕೊಂಡರು. ಅದು ಬೆಂಗಳೂರಿನ ಹತ್ತಿರದ, ಜನವಸತಿಯ ಸೀಮೆ; ಅಲ್ಲಿ ಬಿದ್ದದ್ದು ಬೇಗ ಕಣ್ಣಿಗೆ ಬೀಳುತ್ತದೆ. ಆದರೆ ಸಾವನದುರ್ಗದ ಬಂಡೆಗಳ ನಡುವೆಯೋ ಕನಕಪುರದಾಚೆಯ ಕಾವೇರಿ ವನ್ಯಧಾಮದಲ್ಲೋ ಬಿದ್ದ ವಿಮಾನವನ್ನು ಮೊದಲು ಹುಡುಕಬೇಕು. ಆ ಹುಡುಕಾಟ ಕಲಿಯಲೆಂದೇ ರಕ್ಷಣಾ ತಂಡಗಳು ಅಣಕು ಅವಶೇಷ ಕಟ್ಟುತ್ತವೆ. ಅದರ ಬಗ್ಗೆ ತಪ್ಪು ತಿಳಿವಳಿಕೆ ಬಹಳ.

ತಪ್ಪು ಕಲ್ಪನೆ: ಗುಜರಿ ವಿಮಾನ ತಂದು ನಿಲ್ಲಿಸಿದರೆ ಸಾಕು.
ಸತ್ಯ: ಬೆಂಕಿ ಆರಿಸುವ, ಬಾಗಿಲು ಒಡೆದು ಜನರನ್ನು ಹೊರತರುವ ಅಭ್ಯಾಸಕ್ಕೆ ಇಡೀ ಒಡಲು ಬೇಕು. ಹುಡುಕಾಟಕ್ಕೆ ಬೇಕಾದದ್ದು ಚೂರುಗಳು. ಹಳೆಯ ಅಲ್ಯೂಮಿನಿಯಂ ಶೀಟನ್ನು ಸುತ್ತಿಗೆಯಿಂದ ಬಡಿದು ಮುದುಡಿಸಿ, ರಿವೆಟ್ ಸಾಲು ಹೊಡೆದು, ಅರ್ಧ ಬಣ್ಣ ಬಳಿದು, ಉಳಿದರ್ಧಕ್ಕೆ ಮಸಿ ಮೆತ್ತಿದರೆ ರೆಕ್ಕೆಯ ತುಂಡು ಸಿದ್ಧ. ಕೈ ಕೊಯ್ಯದಂತೆ ಅಂಚನ್ನು ಒಳಕ್ಕೆ ಮಡಿಸಬೇಕು. ಒಳಮೈಯಲ್ಲಿ ‘ತರಬೇತಿಗೆ ಮಾತ್ರ’ ಎಂದು ಬರೆದು, ಕ್ರಮಸಂಖ್ಯೆ ಹಾಕಬೇಕು.

ತಪ್ಪು ಕಲ್ಪನೆ: ತುಂಡುಗಳನ್ನು ಎಲ್ಲಿ ಚೆಲ್ಲಿದರೂ ಆದೀತು.
ಸತ್ಯ: ಬಿದ್ದ ಬಗೆಯನ್ನು ತುಂಡುಗಳೇ ಹೇಳುತ್ತವೆ. ಓರೆಯಾಗಿ ಇಳಿದ ವಿಮಾನ ಮರದ ತುದಿಗಳನ್ನು ಸಾಲಾಗಿ ಮುರಿದು, ಉದ್ದಕ್ಕೂ ಚೂರು ಚೆಲ್ಲುತ್ತದೆ. ನೆಟ್ಟಗೆ ಅಪ್ಪಳಿಸಿದರೆ ಒಂದು ಗುಂಡಿ, ಅದರ ಸುತ್ತಲೇ ಪುಡಿ. ಆಕಾಶದಲ್ಲೇ ಒಡೆದರೆ ಹಗುರ ತುಂಡುಗಳು ಗಾಳಿ ಬೀಸಿದ ಕಡೆಗೆ ದೂರ ಹೋಗಿ ಬೀಳುತ್ತವೆ. ಅಭ್ಯಾಸದಲ್ಲೂ ಈ ಲೆಕ್ಕ ತಪ್ಪಬಾರದು. ತಪ್ಪಿದರೆ ತಂಡಗಳು ಸುಳ್ಳು ಪಾಠ ಕಲಿಯುತ್ತವೆ.

ತಪ್ಪು ಕಲ್ಪನೆ: ಲೋಹ ಹೊಳೆಯುತ್ತದೆ, ಮೇಲಿನಿಂದ ಸುಲಭವಾಗಿ ಕಾಣುತ್ತದೆ.
ಸತ್ಯ: ಹೊಳೆಯುವುದು ಅದೊಂದೇ ಅಲ್ಲ. ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದ ಕಡೆ ಹುಡುಕಾಟ ನಡೆದರೆ ರೇಷ್ಮೆಹುಳು ಸಾಕುವ ಮನೆಯ ಶೀಟು, ಕೆರೆಯ ನೀರು ಎಲ್ಲವೂ ಕಣ್ಣು ಕೋರೈಸುತ್ತವೆ. ತೆಂಗಿನ ಗರಿಗಳ ಕೆಳಗೆ ಬಿದ್ದ ತುಂಡು ಮಾತ್ರ ಕಾಣುವುದೇ ಇಲ್ಲ. ಮುರಿದ ಕೊಂಬೆ, ಸುಟ್ಟ ಹುಲ್ಲು, ಹೊಸದಾಗಿ ಸೀಳಿದ ಬಂಡೆಯನ್ನು ಗುರುತಿಸಲು ಕಣ್ಣು ಪಳಗಬೇಕು. ಅದಕ್ಕೇ ಕೆಲವು ತುಂಡುಗಳನ್ನು ಬೇಕೆಂದೇ ನೆರಳಲ್ಲಿ ಇಡುತ್ತಾರೆ.

ತಪ್ಪು ಕಲ್ಪನೆ: ಉಪಗ್ರಹವೇ ಜಾಗ ಹೇಳುವಾಗ ಈ ಅಭ್ಯಾಸ ಏಕೆ?
ಸತ್ಯ: ವಿಮಾನದ ತುರ್ತು ಸಂಕೇತಕ ಇಎಲ್‌ಟಿ, 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸಂಕೇತ ಕಳಿಸುತ್ತದೆ. ಭಾರತದಲ್ಲಿ ಆ ಸಂಕೇತಗಳನ್ನು ನಿರ್ವಹಿಸುವ ಕೇಂದ್ರ ಬೆಂಗಳೂರಿನಲ್ಲಿರುವ ಇಸ್ರೋ ಘಟಕ ಇಸ್ಟ್ರಾಕ್‌ನಲ್ಲೇ ಇದೆ. ಆದರೆ ಅಪಘಾತದಲ್ಲಿ ಆಂಟೆನಾ ಮುರಿಯಬಹುದು, ಉಪಕರಣ ಸುಟ್ಟುಹೋಗಬಹುದು. ಆಗ ಹುಡುಕಿಯೇ ಪತ್ತೆ ಮಾಡಬೇಕು. 2019ರ ಜೂನ್ 3ರಂದು ಅರುಣಾಚಲದಲ್ಲಿ 13 ಮಂದಿಯೊಡನೆ ಕಣ್ಮರೆಯಾದ ಎಎನ್-32 ವಿಮಾನದ ಅವಶೇಷ ಕಂಡದ್ದು ಜೂನ್ 11ರಂದು.

ತಪ್ಪು ಕಲ್ಪನೆ: ಗುಟ್ಟಾಗಿ ಮಾಡಿದರೇ ಅಭ್ಯಾಸಕ್ಕೆ ಬೆಲೆ.
ಸತ್ಯ: ಜಾಗವನ್ನು ಗುಟ್ಟಾಗಿಡಬೇಕಾದದ್ದು ಹುಡುಕುವ ತಂಡದಿಂದಷ್ಟೇ. ಪೊಲೀಸರಿಗೆ, ಅರಣ್ಯ ಇಲಾಖೆಗೆ, ವಾಯುಸಂಚಾರ ನಿಯಂತ್ರಣಕ್ಕೆ, ಊರಿನವರಿಗೆ ಮೊದಲೇ ತಿಳಿಸದಿದ್ದರೆ ಸುಳ್ಳು ಸುದ್ದಿ ಹಬ್ಬಿ, ನಿಜವಾದ ತುರ್ತಿಗೆ ಹೋಗಬೇಕಾದ ಹೆಲಿಕಾಪ್ಟರ್ ಇಲ್ಲಿಗೆ ಬಂದೀತು. ಮುಗಿದ ಮೇಲೆ ಕ್ರಮಸಂಖ್ಯೆ ನೋಡಿ ಪ್ರತಿ ತುಂಡನ್ನೂ ಎಣಿಸಿ ಒಯ್ಯಬೇಕು. ಒಂದೇ ಒಂದು ಕಾಡಲ್ಲಿ ಉಳಿದರೂ ಮುಂದೆ ನಿಜವಾಗಿ ಹುಡುಕುವವರ ದಾರಿ ತಪ್ಪಿಸುತ್ತದೆ.

ತಪ್ಪು ಕಲ್ಪನೆ: ಇದು ತಂಡದವರ ಕೆಲಸ, ಊರಿನವರಿಗೇನು?
ಸತ್ಯ: ಮಂಗಳೂರಿನಲ್ಲಿ 2010ರ ಮೇ 22ರಂದು ವಿಮಾನ ಕಣಿವೆಗೆ ಬಿದ್ದು 158 ಮಂದಿ ಸತ್ತಾಗ, ಮೊದಲು ಓಡಿ ಬಂದವರಲ್ಲಿ ಸುತ್ತಲಿನ ಜನರೇ ಇದ್ದರು. ಬದುಕಿದವರು ಎಂಟೇ ಮಂದಿ. ಆದ್ದರಿಂದ ಅಣಕು ಕಾರ್ಯಾಚರಣೆಗೆ ಊರಿನವರನ್ನೂ ಕರೆಯಬೇಕು. ಅವರಿಗೆ ಕಲಿಸಬೇಕಾದದ್ದು ಇಷ್ಟು: 112ಕ್ಕೆ ಕರೆ ಮಾಡಿ ಜಾಗ ತಿಳಿಸಿ; ಇಂಧನ ಚೆಲ್ಲಿದ ಕಡೆ ಬೀಡಿ, ಬೆಂಕಿ ಬೇಡ; ಬದುಕಿರುವವರಿಗೆ ನಿಮ್ಮ ಜೀವಕ್ಕೆ ಅಪಾಯವಾಗದಂತೆ ನೆರವಾಗಿ; ತುಂಡುಗಳನ್ನು ಮುಟ್ಟಬೇಡಿ, ನೆನಪಿಗೆಂದು ಒಯ್ಯಬೇಡಿ. ವಿಮಾನ ಏಕೆ ಬಿತ್ತೆಂದು ತನಿಖೆಯವರು ಅರಿಯಲು ಆ ತುಂಡುಗಳೂ ಬೇಕು.