ಹಂದಿ ತಿರುಗುವಷ್ಟು ದಾರಿ

ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರಕ್ಕೆ ಹೋದವರು ತಪ್ಪದೆ ನಿಲ್ಲುವುದು ಅಲ್ಲಿನ ಕೊಳದ ಮುಂದೆ. ಮನಸ್ಸಿನಲ್ಲಿ ಒಂದು ಕೋರಿಕೆ ಇಟ್ಟುಕೊಂಡು, ಕೈಮುಗಿದು, ನೀರನ್ನೇ ನೋಡುತ್ತ ನಿಲ್ಲುತ್ತಾರೆ. ಗಂಗಮ್ಮ ಒಲಿದರೆ ತಳದಿಂದ ಹೂವೋ ಹಣ್ಣೋ ಬಳೆಯೋ ತೇಲಿ ಬರುತ್ತದೆ, ಬಂದದ್ದೇ ಪ್ರಸಾದ ಎಂಬುದು ನಂಬಿಕೆ. ಮಕ್ಕಳು ನೀರಿನ ಮೇಲೆ ಒಂದು ಗುಳ್ಳೆ ಎದ್ದರೂ ‘ಬಂತು ಬಂತು’ ಎಂದು ಕೂಗುತ್ತವೆ. ದೊಡ್ಡವರು ಗದರುತ್ತಾರೆ, ಆದರೆ ಅವರ ಕಣ್ಣೂ ಅಲ್ಲೇ ನೆಟ್ಟಿರುತ್ತದೆ.

ನೀರಿನಿಂದ ಏನೋ ಮೇಲೆ ಬರಲಿ ಎಂದು ಇಷ್ಟು ಭಕ್ತಿಯಿಂದ ಕಾಯುವ ಈ ಸೀಮೆಯಲ್ಲೇ ವೇದಾವತಿ ಹರಿಯುತ್ತದೆ. ಆ ಹೊಳೆಯಲ್ಲಿ ಮುಂಗಾರು ಬಂದಾಗ ಮೇಲೆ ಬರಲು ಹವಣಿಸುವ ಜೀವವೊಂದಿದೆ. ಅದರ ದಾರಿಯ ಬಗ್ಗೆ ನಾವು ಯಾವತ್ತೂ ಹೆಚ್ಚು ತಲೆಕೆಡಿಸಿಕೊಂಡವರಲ್ಲ.

ಮೊದಲ ಮಳೆಯ ಕೆಂಪುನೀರು ಹೊಳೆಗೆ ಇಳಿದ ಕೂಡಲೇ ಗೆಂಡೆ, ಬಾಳೆಮೀನಿನಂಥವು ಹರಿವಿಗೆ ಎದುರಾಗಿ ಹೊರಡುತ್ತವೆ. ಹೊಟ್ಟೆ ತುಂಬ ಮೊಟ್ಟೆ. ದೊಡ್ಡ ಮಡುವಿನಲ್ಲಿ ಮೊಟ್ಟೆ ಇಟ್ಟರೆ ಅದನ್ನು ತಿನ್ನುವ ಬಾಯಿಗಳು ಹೆಚ್ಚು. ಹಾಗಾಗಿ ಅವುಗಳಿಗೆ ಬೇಕಾದ್ದು ಹೊಸದಾಗಿ ನೀರು ನಿಂತ ತೆಳುಜಾಗ, ಹಳ್ಳದ ಅಂಚು, ಹುಲ್ಲು ಮುಳುಗಿದ ಬಯಲು, ಗದ್ದೆ. ಮರಿಗಳು ಅಲ್ಲಿ ಒಂದಿಷ್ಟು ಬಲಿತು, ಇಳಿಯುವ ನೀರಿನ ಜೊತೆ ಹೊಳೆಗೆ ವಾಪಸಾಗುತ್ತವೆ. ಮೀನು ಹೀಗೆ ಮೇಲೇರುವುದಕ್ಕೆ ಮಲೆನಾಡಿನವರು ‘ಹತ್ತುಮೀನು’ ಎನ್ನುತ್ತಾರೆ, ತುಳುವರು ‘ಉಬರ್’ ಎನ್ನುತ್ತಾರೆ. ಮೀನು ಹತ್ತುವ ರಾತ್ರಿಗಳಲ್ಲಿ ಟಾರ್ಚು, ಕತ್ತಿ ಹಿಡಿದು ಗದ್ದೆಗೆ ಇಳಿಯುವ ಗಂಡಸರನ್ನು ತಡೆಯುವುದು ಯಾವ ಹೆಂಡತಿಗೂ ಸಾಧ್ಯವಾಗಿಲ್ಲ.

ಆಗ ಬಳಸುವ ಸಾಧನಗಳಲ್ಲಿ ಕೂಣಿಯನ್ನು ಹತ್ತಿರದಿಂದ ನೋಡಬೇಕು. ಬಿದಿರು ಸೀಳಿ ಹೆಣೆದ ಉದ್ದನೆಯ ಬುಟ್ಟಿ. ಬಾಯಿ ಅಗಲ, ಹಿಂಬದಿ ಕಿರಿದು. ಬಾಯಿಯೊಳಗೆ ಇನ್ನೊಂದು ಸುತ್ತು ಚೂಪು ಕಡ್ಡಿಗಳು ಒಳಮುಖವಾಗಿ ಬಾಗಿರುತ್ತವೆ. ಒಳಗೆ ನುಗ್ಗುವ ಮೀನಿಗೆ ಅವು ಬಾಗಿ ಜಾಗ ಕೊಡುತ್ತವೆ, ತಿರುಗಿ ಬರಲು ನೋಡಿದರೆ ಮುಖಕ್ಕೆ ಚುಚ್ಚುತ್ತವೆ. ಒಂದೋ ಎರಡೋ ಕೂಣಿ ಇಟ್ಟರೆ ಮನೆಯ ಸಾರಿಗಾಗುತ್ತದೆ. ಹಳ್ಳದ ಎರಡೂ ದಡಕ್ಕೆ ಕಲ್ಲು, ಸೊಪ್ಪು ಒಟ್ಟಿ, ನಡುವೆ ಉಳಿದ ಒಂದೇ ಬಾಯಿಗೆ ಕೂಣಿ ಹೂಡಿದರೆ ಆ ವರ್ಷದ ಮೀನೆಲ್ಲ ಅದರೊಳಗೇ. ಕಾನೂನು ಹುಟ್ಟಿದ್ದು ಈ ಎರಡರ ನಡುವಿನ ವ್ಯತ್ಯಾಸದಲ್ಲಿ.

ಆ ವ್ಯತ್ಯಾಸವನ್ನು ಮೊದಲೇ ಹಿಡಿದವರಲ್ಲಿ ಸ್ಕಾಟ್ಲೆಂಡಿನವರು ಮುಂದು. ಸಮುದ್ರದಿಂದ ಹೊಳೆಗೆ ಹತ್ತಿ ಬರುವ ಸಾಲ್ಮನ್ ಮೀನು ಅವರಿಗೆ ಊಟವೂ ಹೌದು, ಆದಾಯವೂ ಹೌದು. ದಡದಿಂದ ದಡಕ್ಕೆ ಬೇಲಿ ಕಟ್ಟಿ ಮೀನು ಬಾಚುವವರನ್ನು ತಡೆಯಲು ಅಲ್ಲಿ ಒಂದು ಕಟ್ಟಳೆ ಇತ್ತು. ಹನ್ನೆರಡು-ಹದಿಮೂರನೇ ಶತಮಾನದ ಅರಸ ವಿಲಿಯಂ ಹೆಸರಿನಲ್ಲಿ ಅದು ಉಳಿದು ಬಂದಿದೆ. ಹೊಳೆಯ ನಡುವೆ ದಾರಿ ಬಿಡಬೇಕು. ಎಷ್ಟು ಅಂದರೆ, ಚೆನ್ನಾಗಿ ಮೇದ ಮೂರು ವರ್ಷದ ಹಂದಿಯೊಂದು ಅಡ್ಡಡ್ಡ ನಿಂತು ತಿರುಗಿದರೆ ಅದರ ಮೂತಿಯಾಗಲೀ ಬಾಲವಾಗಲೀ ಬೇಲಿಗೆ ತಾಗಬಾರದು! ಗಜಕೋಲು ಊರಿಗೊಂದರಂತೆ ಇದ್ದ ಕಾಲದಲ್ಲಿ ಎಲ್ಲರಿಗೂ ಅರ್ಥವಾಗುವ ಅಳತೆ ಎಂದರೆ ಹಟ್ಟಿಯ ಹಂದಿಯೇ. ನಮ್ಮ ಕೊಳಗ, ಬಳ್ಳ, ಮಾರುಗಳ ಬುದ್ಧಿಯೇ ಇದು. ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ಬಲೆ ಎತ್ತಿಡಬೇಕು ಎಂಬ ನಿಯಮವೂ ಜೊತೆಗಿತ್ತು. ಭಾನುವಾರ ಮನುಷ್ಯನಿಗೆ ಪ್ರಾರ್ಥನೆ, ಮೀನಿಗೆ ಪ್ರಯಾಣ.

ಇಂಗ್ಲೆಂಡಿನ 1215ರ ಮ್ಯಾಗ್ನಾ ಕಾರ್ಟಾದ 33ನೇ ಕಲಮು ಥೇಮ್ಸ್, ಮೆಡ್‌ವೇ ಹೊಳೆಗಳಲ್ಲೂ ಸಮುದ್ರದಂಚು ಬಿಟ್ಟು ಇಡೀ ದೇಶದಲ್ಲೂ ಮೀನುಕಟ್ಟೆಗಳನ್ನು ತೆಗೆಸಬೇಕೆನ್ನುತ್ತದೆ. ಅದು ಮೀನಿನ ಮೇಲಿನ ಮರುಕದಿಂದ ಬಂದದ್ದೆಂದು ಹೇಳಿದರೆ ಸುಳ್ಳಾದೀತು. ಆ ಕಟ್ಟೆಗಳು ದೋಣಿಗಳಿಗೆ ಅಡ್ಡವಾಗಿದ್ದವು. ವ್ಯಾಪಾರಿಯ ದೋಣಿಗೆ ತೆರೆದ ದಾರಿಯಲ್ಲಿ ಮೀನೂ ಹೋಯಿತು, ಅಷ್ಟೇ. 1285ರ ವೆಸ್ಟ್‌ಮಿನ್‌ಸ್ಟರ್ ಶಾಸನ ಮಾತ್ರ ಸಾಲ್ಮನ್ ಹಿಡಿಯಬಾರದ ಅವಧಿಯನ್ನೇ ಗೊತ್ತುಮಾಡಿತು. ಹೊಸ ಕಟ್ಟೆ ಕಟ್ಟುವವರು ಮೀನಿಗೂ ದಾರಿ ಇಡಲೇಬೇಕೆಂದು ಅಲ್ಲಿ ಖಡಾಖಂಡಿತವಾಗಿ ಹೇಳಲು 1861ರ ಕಾಯ್ದೆ ಬರಬೇಕಾಯಿತು.

ನಮ್ಮಲ್ಲಿ ಏನೂ ಇರಲಿಲ್ಲವೆ? ಇತ್ತು, ಅದೂ ಮ್ಯಾಗ್ನಾ ಕಾರ್ಟಾಕ್ಕಿಂತ ಹದಿನಾಲ್ಕು ಶತಮಾನ ಮೊದಲು. ಅಶೋಕನ ಐದನೇ ಸ್ತಂಭಶಾಸನ ಅವನ ಪಟ್ಟಾಭಿಷೇಕದ 26 ವರ್ಷಗಳ ನಂತರದ್ದು. ಕೊಲ್ಲಬಾರದ ಪ್ರಾಣಿಗಳ ಪಟ್ಟಿಯಲ್ಲಿ ಕೆಲವು ಮೀನುಗಳ ಹೆಸರೂ ಅಲ್ಲಿದೆ. ಚಾತುರ್ಮಾಸ್ಯದ ಹುಣ್ಣಿಮೆಗಳಲ್ಲಿ, ತಿಷ್ಯ ನಕ್ಷತ್ರದ ಹುಣ್ಣಿಮೆಯಲ್ಲಿ, ಉಪೋಸಥವೆಂಬ ವ್ರತದ ದಿನಗಳಲ್ಲಿ ಮೀನು ಕೊಲ್ಲಬಾರದು, ಮಾರಲೂಬಾರದು. ಹಿಡಿಯುವವನ ಜೊತೆ ಮಾರುವವನನ್ನೂ ಕಟ್ಟಿಹಾಕಿದ ಆ ಜಾಣತನವನ್ನು ಇಂದಿನ ಅಧಿಕಾರಿಗಳೂ ಕಲಿಯಬಹುದು.

ಆ ಸ್ತಂಭಗಳು ಇರುವುದು ಉತ್ತರದಲ್ಲಿ. ಆದರೆ ಅಶೋಕ ಚಿತ್ರದುರ್ಗ ಜಿಲ್ಲೆಗೆ ಹೊರಗಿನವನೇನಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅವನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಇಸಿಲವೆಂಬ ಊರಿನ ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ, ಬರೆಸಿದ ಆ ಸಾಲುಗಳಲ್ಲಿ ತಂದೆತಾಯಿಯ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಪ್ರಾಣಿಗಳ ಜೀವವನ್ನು ಗೌರವಿಸಬೇಕು ಎಂಬ ಹಿತವಚನವಿದೆ. ಜಿಲ್ಲೆಯ ಒಂದು ರಾಮೇಶ್ವರದ ಬಂಡೆಯಲ್ಲಿ ಜೀವದಯೆಯ ಶಾಸನ, ಇನ್ನೊಂದು ರಾಮೇಶ್ವರದಲ್ಲಿ ಪ್ರಸಾದ ಕೊಡುವ ಕೊಳ.

ಗಮನಿಸಿ, ಅಶೋಕ ಕಾಯ್ದದ್ದು ದಿನವನ್ನು. ನಮ್ಮ ದೇವಸ್ಥಾನಗಳು ಕಾಯ್ದದ್ದು ಜಾಗವನ್ನು. ಶೃಂಗೇರಿಯ ತುಂಗೆಯಲ್ಲಿ ಮಂಡಕ್ಕಿಗೆ ಮುಗಿಬೀಳುವ ಮೀನುಗಳು, ರಾಮನಾಥಪುರದ ಕಾವೇರಿಯವು, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯವು, ಶಿಶಿಲದ ಕಪಿಲೆಯವು ಎಲ್ಲವೂ ದೇವರ ಮೀನುಗಳು. ಯಾರೂ ಗಾಳ ಹಾಕುವುದಿಲ್ಲ. ಶಿಶಿಲದಲ್ಲಿ 1996ರಲ್ಲಿ ಯಾರೋ ವಿಷ ಹಾಕಿ ಮೀನುಗಳನ್ನು ಕೊಂದಾಗ ಊರೇ ಮರುಗಿತು, ಸತ್ತ ಮೀನುಗಳ ನೆನಪಿಗೆ ಸ್ಮಾರಕವನ್ನೂ ಕಟ್ಟಿತು. ಇಂಥ ಭಕ್ತಿ ಯಾವ ಕಾಯ್ದೆಗೂ ಸಿಗದು. ಆದರೆ ಮೀನು ದೇವರ ಮಡುವಿನಲ್ಲೇ ಹುಟ್ಟಿ ಅಲ್ಲೇ ಸಾಯುವ ಪ್ರಾಣಿಯಲ್ಲ. ಮಡುವಿನಿಂದ ಒಂದು ಫರ್ಲಾಂಗು ಆಚೆಗೆ ಅದು ಬರೀ ಮೀನು. ದಿನವನ್ನೂ ಜಾಗವನ್ನೂ ಕಾಯ್ದ ನಾವು ದಾರಿಯನ್ನು ಕಾಯಲಿಲ್ಲ ಎಂಬುದೇ ನನ್ನ ತಕರಾರು.

ಬ್ರಿಟಿಷರ ಕಾಲಕ್ಕೆ ಬಂದರೆ, ಈ ಮಾತನ್ನು ಗಟ್ಟಿಯಾಗಿ ಎತ್ತಿದವರಲ್ಲಿ ಒಬ್ಬರು ನಮ್ಮ ಮಂಗಳೂರಿನಲ್ಲೇ ಇದ್ದರು. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಗಾಳದ ಹುಚ್ಚಿನವರು. 1873ರಲ್ಲಿ ಅವರು ಬರೆದ ‘ದಿ ರಾಡ್ ಇನ್ ಇಂಡಿಯಾ’ ಮೇಲ್ನೋಟಕ್ಕೆ ಗಾಳಗಾರರ ಕೈಪಿಡಿ, ಒಳಗೆ ಮೀನು ಉಳಿಸಬೇಕೆಂಬ ವಾದವೂ ಇದೆ. ಅದೇ ವರ್ಷ ಡಾ. ಫ್ರಾನ್ಸಿಸ್ ಡೇ ಭಾರತ ಮತ್ತು ಬರ್ಮಾದ ಸಿಹಿನೀರಿನ ಮೀನುಗಾರಿಕೆ ಕುರಿತ ವರದಿ ಕೊಟ್ಟರು. ಸಣ್ಣ ಕಣ್ಣಿನ ಬಲೆ, ಕಾಲುವೆ ಬಾಯಿಗೆ ಹೂಡಿದ ಬುಟ್ಟಿ ಮರಿಗಳನ್ನೇ ಬಳಿದು ಹಾಕುತ್ತಿವೆ ಎಂಬುದು ಅವರ ದೂರು. ಸರ್ಕಾರ ಯೋಚಿಸಿ ಯೋಚಿಸಿ 1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯ್ದೆ ತಂದಿತು. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿದರೆ ಎರಡು ತಿಂಗಳವರೆಗೆ ಸಜೆ ಅಥವಾ 200 ರೂಪಾಯಿವರೆಗೆ ದಂಡ. ಬಲೆಯ ಕಣ್ಣು, ಅಡ್ಡಕಟ್ಟೆಗಳ ಬಗ್ಗೆ ಬೇಕಾದರೆ ಪ್ರಾಂತ್ಯಗಳು ನಿಯಮ ಮಾಡಿಕೊಳ್ಳಲಿ ಎಂದಿತು. ಸರ್ಕಾರವೇ ಕಟ್ಟುವ ಅಣೆಕಟ್ಟಿನ ಬಗ್ಗೆ ಚಕಾರವಿಲ್ಲ. ಬಡವನ ಬುಟ್ಟಿಗೆ ಕಾನೂನು ಇತ್ತು, ಎಂಜಿನಿಯರನ ಗೋಡೆಗೆ ಇರಲಿಲ್ಲ.

ಮೈಸೂರು ಸಂಸ್ಥಾನದ ಕಥೆ ಇನ್ನೂ ಸ್ವಾರಸ್ಯದ್ದು. ಬೇಟೆಯ ಪ್ರಾಣಿ ಮತ್ತು ಮೀನುಗಳ ಸಂರಕ್ಷಣೆಗೆಂದೇ ಇಲ್ಲಿ 1901ರಲ್ಲಿ ಒಂದು ರೆಗ್ಯುಲೇಷನ್ ಬಂತು. ಆಗ ರೀಜೆಂಟರಾಗಿದ್ದವರು ಮಹಾರಾಣಿ ವಾಣಿವಿಲಾಸ ಸನ್ನಿಧಾನ. ಅದೇ ಹೊತ್ತಿಗೆ ಹಿರಿಯೂರಿನ ಮಾರಿಕಣಿವೆಯಲ್ಲಿ ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡಲಾಗಿ ಕಲ್ಲಿನ ಗೋಡೆ ಏಳುತ್ತಿತ್ತು. 1907ರಲ್ಲಿ ಮುಗಿದ ಆ ಅಣೆಕಟ್ಟಿಗೂ ಅವರದೇ ಹೆಸರು. ಮೀನು ಉಳಿಸುವ ಶಾಸನ, ಮೀನಿಗೆ ದಾರಿ ಕಟ್ಟಿದ ಗೋಡೆ ಎರಡೂ ಒಂದೇ ಆಡಳಿತದ ಕೂಸುಗಳು. ಯಾರನ್ನೂ ದೂರಲಾರೆ. ಬರದ ಸೀಮೆಗೆ 30 ಟಿಎಂಸಿ ನೀರು ನಿಲ್ಲಿಸುವ ಕೆರೆ ಎಂದರೆ ದೇವರು ಕೊಟ್ಟಂತೆ. ಹಿರಿಯೂರಿನ ತೆಂಗು, ಅಡಿಕೆ ನಿಂತಿರುವುದು ಅದರ ಮೇಲೆ. 1933ರ ನಂತರ 2022ರಲ್ಲಿ ಮತ್ತೆ ಕೋಡಿ ಬಿದ್ದಾಗ ಜನ ಬಸ್ಸು, ಟ್ರ್ಯಾಕ್ಟರು ಮಾಡಿಕೊಂಡು ನೋಡಲು ಬಂದರು. 89 ವರ್ಷ ಎಂದರೆ ಮೂರು ತಲೆಮಾರು.

ಮೀನಿನ ಲೆಕ್ಕದಲ್ಲಿ ಈಗ ಮಾರಿಕಣಿವೆ ಒಂದೇ ಅಲ್ಲ. ಬಂಗಾಳಕೊಲ್ಲಿಯಿಂದ ವೇದಾವತಿಗೆ ಬರಲು ಹೊರಟ ಮೀನಿದ್ದರೆ ಅದು ಕೃಷ್ಣೆಯಲ್ಲಿ ವಿಜಯವಾಡದ ಬ್ಯಾರೇಜು, ನಾಗಾರ್ಜುನಸಾಗರ, ಶ್ರೀಶೈಲ, ತುಂಗಭದ್ರೆಯಲ್ಲಿ ಸುಂಕೇಸುಲ, ಆಮೇಲೆ ವೇದಾವತಿಯ ಭೈರವಾನಿತಿಪ್ಪ ದಾಟಿ ಬರಬೇಕು. ಗಂಗೆಯಲ್ಲಿ ಪ್ರಯಾಗದವರೆಗೆ ಹತ್ತುತ್ತಿದ್ದ ಇಲೀಶ್ ಮೀನು 1975ರ ಫರಕ್ಕಾ ಬ್ಯಾರೇಜಿನ ನಂತರ ಅಲ್ಲಿ ಅಪರೂಪವಾಯಿತು. ಅಷ್ಟು ದೊಡ್ಡ ಗೋಡೆಗಳನ್ನು ಒಡೆಯಿರಿ ಎನ್ನುವುದು ಹುಚ್ಚುತನ.

ನನ್ನ ಮಾತು ಸಣ್ಣದು. ವಾಣಿವಿಲಾಸದ ಹಿನ್ನೀರು ಹೊಸದುರ್ಗ ತಾಲ್ಲೂಕಿನೊಳಕ್ಕೇ ಚಾಚಿದೆ. ಅಲ್ಲಿಂದ ಮೇಲೆ ಹೊಳೆ, ಹಳ್ಳ ಇನ್ನೂ ಇವೆ, ಮಳೆಯಾದರೆ ಹರಿಯುತ್ತವೆ, ಮೀನು ಹತ್ತಲು ನೋಡುತ್ತದೆ. ಅದಕ್ಕೆ ಎದುರಾಗುವುದು ನಾವು ವರ್ಷವರ್ಷ ಕಟ್ಟುವ ಬಾಂದಾರ, ಚೆಕ್‌ಡ್ಯಾಂ. ಬಹುಪಾಲು ನೆಟ್ಟಗೆ ನಿಂತ ಕಾಂಕ್ರೀಟು. ಕರಾವಳಿಯ ಕಿಂಡಿ ಅಣೆಕಟ್ಟು ನೋಡಿ. ಮಳೆಗಾಲ ಕಳೆದ ಮೇಲೆ ಕಂಬಗಳ ನಡುವೆ ಹಲಗೆ ಇಳಿಸಿ ನೀರು ನಿಲ್ಲಿಸುತ್ತಾರೆ, ಮುಂಗಾರಿಗೆ ಮೊದಲು ಹಲಗೆ ಎತ್ತುತ್ತಾರೆ. ಎತ್ತುವುದು ನೆರೆಯ ಭಯಕ್ಕೆ, ಮೀನಿನ ಮೇಲಿನ ಪ್ರೀತಿಗಲ್ಲ. ಆದರೂ ಹತ್ತುವ ಮೀನಿಗೆ ಸರಿಯಾದ ಹೊತ್ತಿಗೆ ಬಾಗಿಲು ತೆರೆದಿರುತ್ತದೆ. ಥೇಮ್ಸ್‌ನಲ್ಲಿ ದೋಣಿಯ ನೆಪದಲ್ಲಿ ಆದದ್ದು ನೇತ್ರಾವತಿ ಸೀಮೆಯಲ್ಲಿ ನೆರೆಯ ನೆಪದಲ್ಲಿ ಆಯಿತು.

ಕರ್ನಾಟಕಕ್ಕೆ ಒಳನಾಡು ಮೀನುಗಾರಿಕೆಯ 1996ರ ಕಾಯ್ದೆ ಇದೆ. ಕಡಲಲ್ಲಿ ಜೂನ್, ಜುಲೈ ಯಾಂತ್ರಿಕ ದೋಣಿಗಳಿಗೆ ರಜೆ ಇದೆ. ಕೆರೆಗಳಿಗೆ ಕಾಟ್ಲಾ, ರೋಹು ಮರಿ ತಂದು ಬಿಡುವ ಯೋಜನೆಗಳಿವೆ. ನಿಂತ ನೀರಿನಲ್ಲಿ ಮೊಟ್ಟೆ ಇಡದ ಗಂಗೆಯ ಮೀನುಗಳ ಮರಿಗೆ ವರ್ಷವರ್ಷ ದುಡ್ಡು ಸುರಿಯುವ ನಾವು, ಊರ ಹಳ್ಳದಲ್ಲಿ ತಾನಾಗಿ ಹತ್ತುವ ಗೆಂಡೆಗೆ ಖರ್ಚಿಲ್ಲದೆ ಕೊಡಬಹುದಾದ್ದನ್ನು ಕೊಡುತ್ತಿಲ್ಲ.

ಹೊಸದುರ್ಗ, ಹೊಳಲ್ಕೆರೆಯ ಹಳ್ಳಗಳಿಗೆ ಮುಂದಿನ ಬಾಂದಾರದ ಅಂದಾಜುಪಟ್ಟಿ ಬರೆಯುವ ಎಂಜಿನಿಯರುಗಳೇ, ಅದಕ್ಕೆ ಸಹಿ ಹಾಕುವ ಪಂಚಾಯಿತಿಯವರೇ, ಹಲಗೆ ಹಾಕಿ ತೆಗೆಯುವ ಒಂದು ಕಿಂಡಿಯನ್ನೂ ಅದರಲ್ಲಿ ಬರೆದುಬಿಡಿ. ಮೂರು ವರ್ಷದ ಹಂದಿ ತಿರುಗುವಷ್ಟು ಬೇಡ, ಮೊಟ್ಟೆ ತುಂಬಿದ ಗೆಂಡೆ ನುಸುಳುವಷ್ಟಿದ್ದರೆ ಸಾಕು. ಮೊದಲ ಕೆಂಪುನೀರು ಬರುವ ಮುಂಚೆ ಆ ಹಲಗೆ ಎತ್ತಿಸಿ.